ಅಫಿಡವಿಟ್ ಓದಿ ಹೇಳುವ ಹುಲಿಗೆಮ್ಮ

ಹೊಸನಗರದಲ್ಲಿ ಅಫಿಡವಿಟ್ ಟೈಪ್ ಮಾಡುವ ಹುಲಿಗೆಮ್ಮನಿಗೆ ಓದು ಅಷ್ಟಕ್ಕಷ್ಟೇ ಎಂದು ಬಹಳ ಜನ ನಂಬಿದ್ದರು, ಇದನ್ನು ಬರೆಯುತ್ತಿರುವವನೂ ಸೇರಿ. ಟೈಪ್ ಮಾಡಿದ್ದನ್ನೆಲ್ಲ ಒಂದನೇ ಕ್ಲಾಸಿನ ಮಕ್ಕಳ ಹಾಗೆ ಗಟ್ಟಿಯಾಗಿ ಓದುವವರ ಬಗ್ಗೆ ಇನ್ನೇನು ತಿಳಿಯುವುದು? ಆಕೆ ಓದುವುದು ತನಗಲ್ಲ, ಎದುರಿಗೆ ಕೂತವರಿಗೆ ಎಂದು ತಿಳಿಯಲು ನಾಲ್ಕು ವರ್ಷ ಹಿಡಿಯಿತು. ಪೂರ್ತಿ ಕೇಳಿಸಿಕೊಂಡು, ನಾನು ಹೇಳಿದ್ದು ಇದೇ ಎಂದು ಬಾಯಿಬಿಟ್ಟು ಒಪ್ಪುವ ತನಕ ಆಕೆ ಸಹಿಗೆ ಪೆನ್ನು ಕೊಡುತ್ತಿರಲಿಲ್ಲ. ಅತ್ತ ಸಾಗರದ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಅಷ್ಟೇ.

ತೀರ್ಥಹಳ್ಳಿಯಲ್ಲಿ ಟೈಪಿಂಗ್ ಸೀನಿಯರ್ ಪಾಸು ಮಾಡಿ ಬಂದವಳು. ಇಪ್ಪತ್ತಾರು ವರ್ಷದಿಂದ ಆಕೆಯ ಮೇಜು ಇದ್ದದ್ದು ವಕೀಲ ತೀರ್ಥೇಶರ ಕಟ್ಟಡದ ಜಗಲಿಯಲ್ಲಿ. ತೀರ್ಥೇಶರಿಗೆ ಈ ಪಾರಾಯಣ ಸಹಿಸದು. ಒಂದು ದಿನ ಕೋಟಿನ ಗುಂಡಿ ಹಾಕಿಕೊಂಡು, ಜಗಲಿಯ ಮೇಲಿದ್ದವರೆಲ್ಲ ಕೇಳುವಂತೆ ವಿವರಿಸಿದರು. ಅಫಿಡವಿಟ್ ಅನ್ನುವುದು ಲ್ಯಾಟಿನ್ ಕ್ರಿಯಾಪದ. ಪ್ರಮಾಣ ಮಾಡಿ ಹೇಳಿದ್ದಾನೆ ಅಂತ ಅರ್ಥ. ಕಾಗದದ ನೆತ್ತಿಯ ಮೇಲೆ ಆ ಪದ ಬಿತ್ತೆಂದರೆ ಹೇಳಿದ್ದಾಯಿತು, ಮತ್ತೆ ಓದುವುದೇನು? ಹುಲಿಗೆಮ್ಮ ಬಹಳ ಆಸ್ಥೆಯಿಂದ ಕೇಳಿಸಿಕೊಂಡಳು. ಹೇಳಿದ್ದಾರೆ ಅಂತಲೇ ಅರ್ಥವಾದರೆ ಅವರು ಹೇಳಿರಲೇಬೇಕಲ್ಲ ಎಂದುಕೊಂಡು ಮರುದಿನದಿಂದ ಎರಡೆರಡು ಸಲ ಓದತೊಡಗಿದಳು.

ಹೋದ ತಿಂಗಳು ರಾಜು ಎಂಬಾತ ತನ್ನ ಸೋದರತ್ತೆ ತುಂಗಮ್ಮನನ್ನು ಕರೆತಂದ. ಮನೆ ಆಕೆಯ ಹೆಸರಿನಲ್ಲಿತ್ತು. ನಲ್ಲಿ ಹಾಕಿಸಲು ಒಂದು ಸಹಿ ಬೇಕೆಂದು ಹೇಳಿದ್ದನಂತೆ. ಅವನು ಹೇಳಿದಂತೆ ತೀರ್ಥೇಶರು ಬರೆದುಕೊಟ್ಟ ಕರಡಿನಲ್ಲಿ ನಲ್ಲಿಯೂ ಇಲ್ಲ, ನೀರೂ ಇಲ್ಲ. ಮನೆಯ ಖಾತೆಯನ್ನು ರಾಜುವಿನ ಹೆಸರಿಗೆ ಮಾಡಲು ತನ್ನ ತಕರಾರಿಲ್ಲ ಎಂದಿತ್ತು. ಹುಲಿಗೆಮ್ಮ ಓದುತ್ತಾ ಅಲ್ಲಿಗೆ ಬಂದಾಗ ತುಂಗಮ್ಮ ಕೈಚೀಲ ಕೆಳಗಿಟ್ಟಳು.

"ನಾ ಹಂಗೆ ಹೇಳ್ಲಿಲ್ಲ ಕಣೇ. ನಲ್ಲಿಗೆ ಅಂತ ಕರ್ಕಂಡ್ ಬಂದಾನೆ."

ರಾಜುವಿಗೆ ಒಮ್ಮೆಲೇ ಬಸ್ಸಿನ ಯೋಚನೆ ಬಂತು. ಹುಲಿಗೆಮ್ಮ ಕಾಗದವನ್ನು ಎರಡು ತುಂಡು ಮಾಡಿ ತುಂಗಮ್ಮನ ಕೈಗೇ ಕೊಟ್ಟಳು.

ಒಳಗಿನಿಂದ ಬಂದ ತೀರ್ಥೇಶರು ಇನ್ನೊಂದು ಪ್ರತಿ ತೆಗೆದು, ತೆಪ್ಪಗೆ ಸಹಿ ಹಾಕಿಸಲು ಹೇಳಿದರು. ಇಲ್ಲದಿದ್ದರೆ ಸಂಜೆಯೊಳಗೆ ಮೇಜು ಜಗಲಿ ಇಳಿಯಬೇಕು. ಸಂಜೆಯ ತನಕ ಯಾಕೆ ಎಂದು ಹುಲಿಗೆಮ್ಮ ಆಗಲೇ ಪ್ರಿಂಟರಿನ ವೈರು ಕೀಳತೊಡಗಿದಳು. ರಸ್ತೆಯಾಚೆ ಹೂವಯ್ಯನ ಚಾ ಅಂಗಡಿಯ ಪಕ್ಕ ಒಂದು ಮೇಜು ಹಿಡಿಸುವಷ್ಟು ಜಾಗವಿತ್ತು. ತುಂಗಮ್ಮ ಕುರ್ಚಿ ಎತ್ತಿಕೊಂಡಳು.

ಸುತ್ತ ಜನ ನಿಂತಿದ್ದರು. ವಕೀಲರಾದವರು ಏನಾದರೂ ಅನ್ನಲೇಬೇಕಿತ್ತು.

"ಅಫಿಡವಿಟ್ಟಿನ ಅರ್ಥ ನನಗೇ ಕಲಿಸೋಕೆ ಹೊರಟ್ರಲ್ಲ, ನಿಮಗೆ ಲ್ಯಾಟಿನ್ ಬರುತ್ತೇನ್ರೀ?"

"ಇಲ್ಲ ಸಾರ್. ತುಂಗಮ್ಮಂಗೂ ಬರಲ್ಲ. ಅದಕ್ಕೇ ಕನ್ನಡದಲ್ಲಿ ಓದಿದ್ದು."