ಬೆರಳಿಗಷ್ಟೇ ತಿಳಿಯುವ ಅಂತರ

ಅದು ೨೦೧೯ನೆಯ ಇಸವಿ. ನನಗೆ ಆಗ ಐವತ್ತೊಂದು ವರ್ಷ. ಆ ಬೈಕ್ ಮೆಕ್ಯಾನಿಕ್ಕರಲ್ಲಿ ನಾನು ಮೊದಲು ಗಮನಿಸಿದ್ದು ಬಲಗೈಯ ಹೆಬ್ಬೆರಳನ್ನು. ಉಗುರು ನಡುವೆ ಉದ್ದಕ್ಕೂ ಸೀಳಿತ್ತು. ಸೀಳಿನೊಳಗೆ ಗ್ರೀಸಿನ ಕಪ್ಪು ಗೆರೆಯೊಂದು ಕಾಯಮಾಗಿ ನೆಲೆಸಿತ್ತು. ಆ ಬೆರಳನ್ನು ನನ್ನ ಬೈಕಿನ ಎಂಜಿನ್ನಿಗೆ ಒಂದು ಕ್ಷಣ ತಾಗಿಸಿ, "ಬಿಸಿ ಐತೆ. ಇವತ್ತಾಗಲ್ಲ. ನಾಳೆ ಬೆಳಿಗ್ಗೆ ತಳ್ಕೊಂಡ್ ಬನ್ನಿ, ಸ್ಟಾರ್ಟ್ ಮಾಡ್ಬೇಡಿ" ಎಂದರು.

ಆ ಹಳೆಯ ಬೈಕನ್ನು ಕೊಂಡು ಒಂದು ವಾರವಾಗಿತ್ತಷ್ಟೆ. ಎಂಜಿನ್ನಿನ ನೆತ್ತಿಯಿಂದ ಹೊಲಿಗೆ ಯಂತ್ರದಂತೆ ಟಿಕಟಿಕ ಸದ್ದು ಬರುತ್ತಿತ್ತು. ವಾಲ್ವನ್ನು ಒತ್ತುವ ತೋಳಿಗೂ ವಾಲ್ವಿನ ತುದಿಗೂ ನಡುವೆ ಕೂದಲೆಳೆಯಷ್ಟು ಅಂತರವಿರಬೇಕು. ಅದು ಹೆಚ್ಚಾದರೆ ಹೀಗೆ ಸದ್ದು ಬರುತ್ತದೆ. ಅದನ್ನು ಸರಿಪಡಿಸುವುದಕ್ಕೆ ಟ್ಯಾಪೆಟ್ ಸೆಟ್ಟಿಂಗ್ ಎನ್ನುತ್ತಾರೆ ಎಂದು ಅವರು ವಿವರಿಸಿದರು. ಕಬ್ಬಿಣ ಕಾದರೆ ಉಬ್ಬುವುದರಿಂದ ಕಾದ ಎಂಜಿನ್ನಿನಲ್ಲಿ ಅಳೆದ ಅಂತರ ಸುಳ್ಳು ಅಂತರ. ಓಡಿಸಿಕೊಂಡು ಬಂದ ಗಾಡಿಯ ಟ್ಯಾಪೆಟ್ಟನ್ನು ಅವರು ಯಾರು ಹೇಳಿದರೂ ಮುಟ್ಟುತ್ತಿರಲಿಲ್ಲ. ಆದ್ದರಿಂದ, ಅಟ್ಟೂರಿನಿಂದ ಯಲಹಂಕ ಉಪನಗರಕ್ಕೆ ಹೋಗುವ ದಾರಿಯಲ್ಲಿ ಬೆಳಿಗ್ಗೆ ಏಳರ ಹೊತ್ತಿಗೆ ಯಾರಾದರೂ ಕೆಟ್ಟಿಲ್ಲದ ಬೈಕನ್ನು ಬೆವರಿಳಿಸುತ್ತ ತಳ್ಳುತ್ತಿದ್ದರೆ, ಅವರು ಹೊಂಗೆಮರದ ಕೆಳಗಿನ ಆ ತಗಡಿನ ಅಂಗಡಿಗೇ ಹೊರಟಿದ್ದಾರೆಂದು ನಾವು ತಿಳಿಯುತ್ತಿದ್ದೆವು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೆ ನಾನು ಕೊಟ್ಟ ಮಾತೊಂದಿದೆ. ಹೆಸರು ಬರೆದರೆ ಅದು ಮುರಿಯುತ್ತದೆ. ನಾನು ಯಜಮಾನರೇ ಎಂದು ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಇರಲಿ. ಜಕ್ಕೂರಿನ ಹಳೆಯ ಊರಿನವರು, ನನಗಿಂತ ಹತ್ತು ವರ್ಷ ದೊಡ್ಡವರು.

ನಾನಾದರೋ ಇಪ್ಪತ್ತಾರು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ವ್ಯಾಕರಣವನ್ನು ಬೋಧಿಸಿದವನು. ಮಕ್ಕಳು ಸೇರದೆ ಶಾಲೆ ಮುಚ್ಚಿತು. ಮದುವೆಯಾಗಿರಲಿಲ್ಲ. ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ ನಾನೊಬ್ಬನೇ. ಹಾಲಿನ ಅಂಗಡಿಯಲ್ಲಿ "ಅರ್ಧ ಲೀಟರ್" ಎಂದದ್ದನ್ನು ಬಿಟ್ಟರೆ ಮಲಗುವವರೆಗೂ ಬಾಯಿ ತೆರೆಯದ ದಿನಗಳು ಎಷ್ಟೋ ಇದ್ದವು. ಬೈಕನ್ನು ಕೊಂಡದ್ದು ಎಲ್ಲಿಗೋ ಹೋಗಬೇಕಾಗಿತ್ತೆಂದಲ್ಲ. ಹೋಗಬಹುದು ಎಂಬ ಭಾವನೆಯಾದರೂ ಇರಲೆಂದು.

ಯಜಮಾನರ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಎಂಜಿನ್ನಿನ ಸುತ್ತ ಬಟ್ಟೆಯಿಂದ ಒರೆಸಬೇಕು. ಅನಂತರವೇ ಮುಚ್ಚಳವನ್ನು ತೆಗೆಯಬೇಕು. ಎಂಜಿನ್ನನ್ನು ಕೈಯಿಂದ ತಿರುಗಿಸಿ, ವಾಲ್ವುಗಳೆರಡೂ ಮುಚ್ಚಿರುವ ಗುರುತಿಗೆ ತರಬೇಕು. ಬಳಿಕ ಅಂತರ ಅಳೆಯುವ ಗೇಜಿನ ತೆಳುವಾದ ಉಕ್ಕಿನ ಎಲೆಯನ್ನು ಸಂದಿಗೆ ತೂರಿಸಿ, ಸ್ಕ್ರೂ ತಿರುಗಿಸಿ, ನಟ್ಟು ಬಿಗಿಯಬೇಕು. ಬಿಗಿಯುವಾಗ ಸ್ಕ್ರೂ ಕೊಂಚ ಸರಿದುಬಿಡುವುದರಿಂದ ಮತ್ತೊಮ್ಮೆ ಎಲೆಯನ್ನು ಎಳೆದು ನೋಡಬೇಕು. "ಮುಚ್ಚಿದ ಪುಸ್ತಕದಿಂದ ಆಳೆ ಎಳ್ದಂಗಿರ್ಬೇಕು ಮೇಷ್ಟ್ರೇ," ಎನ್ನುತ್ತಿದ್ದರು. "ಹರೀಬಾರ್ದು, ಜಾರ್ಲೂ ಬಾರ್ದು."

ಅವರು ಸರಿಪಡಿಸಿದ ಮೇಲೆಯೂ ಸಣ್ಣ ಸದ್ದೊಂದು ಉಳಿಯುತ್ತಿತ್ತು. ತರಗತಿಯಲ್ಲಿ ಪಿಸುಮಾತನ್ನೂ ಸಹಿಸದೆ ಬಂದ ನನಗೆ ಅದು ದೋಷವಾಗಿಯೇ ಕಂಡಿತು. ಅಷ್ಟು ಸದ್ದು ಇರಲೇಬೇಕೆಂದು ಅವರು ಹೇಳಿದರೂ ಕೇಳದೆ, ಹೆಬ್ಬಾಳದ ಆಚೆಯ ಬೇರೊಂದು ಅಂಗಡಿಯಲ್ಲಿ ಅದನ್ನು ಪೂರ್ತಿ ಅಡಗಿಸಿಕೊಂಡು ಬಂದೆ. ಎರಡು ತಿಂಗಳು ಗಾಡಿ ಮೌನವಾಗಿ ಓಡಿತು. ಆಮೇಲೆ ಒಂದು ದಿನ ಜಕ್ಕೂರು ಕೆರೆಯ ಬಳಿ ಶಕ್ತಿಗುಂದಿ ನಿಂತುಬಿಟ್ಟಿತು. ಅಲ್ಲಿಂದ ತಳ್ಳಿಕೊಂಡೇ ಯಜಮಾನರ ಬಳಿಗೆ ಬಂದೆ. ಅವರು ಎಂಜಿನ್ನನ್ನು ಬಿಚ್ಚಿ, ಅಂಚು ಸುಟ್ಟು ಕಿತ್ತುಹೋಗಿದ್ದ ವಾಲ್ವನ್ನು ನನ್ನ ಅಂಗೈಯಲ್ಲಿ ಇಟ್ಟರು. ಅಂತರವೇ ಇಲ್ಲದಿದ್ದರೆ ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ ಒಳಗೇ ಬೇಯುತ್ತದೆಯಂತೆ.

"ಯಾರತ್ರ ಓಗಿದ್ರಿ ಅಂತ ಕೇಳಲ್ಲ," ಎಂದರು. "ಕ್ಲಾಸು ಸೈಲೆಂಟಾಗಿತ್ತಾ? ಅದೇಳಿ."

ಶಾಲೆ ಬಿಟ್ಟ ಮೇಲೆ ನನ್ನನ್ನು ಹಾಗೆ ಹಂಗಿಸುವಷ್ಟು ಸಲಿಗೆಯಿಂದ ಮಾತನಾಡಿದವರು ಅವರೊಬ್ಬರೇ.

ಮೂರು ವರ್ಷದ ಬಳಿಕ, ಒಂದು ಬೆಳಿಗ್ಗೆ, ನನ್ನ ಬೈಕಿನ ಮುಂದೆ ಕೂತಿದ್ದ ಅವರು ಎಲೆಯನ್ನು ನನ್ನ ಕೈಗೆ ಕೊಟ್ಟು, ಹೇಗಿದೆ ನೋಡಿ ಎಂದರು. ಬಿಗಿಯಾಗಿದೆ ಎಂದೆ. ಅವರು ಸ್ಕ್ರೂ ತಿರುಗಿಸಿದರು. ಈಗ ಸರಿಯಾಗಿದೆ ಎಂದೆ. ಪ್ರೀತಿಯಿಂದ ಕಲಿಸುತ್ತಿದ್ದಾರೆಂದು ಭಾವಿಸಿ ಹಿಗ್ಗಿದೆ. ಮುಂದಿನ ವಾರ ಬೇರೆಯವರ ಗಾಡಿಗೂ ನನ್ನನ್ನು ಕರೆದರು.

ನಿಜ ತಿಳಿದದ್ದು ಆಕಸ್ಮಿಕವಾಗಿ. ನಾನು ಸ್ವಲ್ಪ ತಡವಾಗಿ ಹೋದ ಒಂದು ದಿನ ಅವರೊಬ್ಬರೇ ಗಾಡಿಯೊಂದರ ಮುಂದೆ ಕೂತು ಎಲೆಯನ್ನು ಎಳೆಯುತ್ತಿದ್ದರು. ಎಲೆ ಸಂದಿಯಿಂದ ಹೊರಬಂದು, ಬೆರಳುಗಳಿಂದ ಜಾರಿ, ಮಡಿಲಲ್ಲಿ ಬಿದ್ದಿತ್ತು. ಅವರ ಕಣ್ಣು ಎಲ್ಲೋ ದೂರದಲ್ಲಿತ್ತು. ಬೆರಳುಗಳು ಮಾತ್ರ, ಎಲೆ ಇನ್ನೂ ನಡುವೆ ಇದೆಯೆಂಬಂತೆ, ಬರಿಗಾಳಿಯನ್ನು ಎಳೆಯುತ್ತಲೇ ಇದ್ದವು. ನಾನು ಮುಖ ತಿರುಗಿಸಿದೆ. ಆದರೆ ಅವರು ನನ್ನನ್ನು ನೋಡಿಬಿಟ್ಟಿದ್ದರು.

"ಸಕ್ಕರೆ ಕಾಯ್ಲೆ," ಎಂದರು. "ಬೆರಳ್ ತುದಿ ಸತ್ತೋಗೈತೆ. ಮನೇಲೂ ಗೊತ್ತಿಲ್ಲ. ಈ ಕೈಯ ನಂಬ್ಕೊಂಡು ಜನ ಅಷ್ಟ್ ದೂರದಿಂದ ಗಾಡಿ ತಳ್ಕೊಂಡ್ ಬರ್ತಾರೆ. ಗೊತ್ತಾದ್ರೆ ಯಾರ್ ಬರ್ತಾರೆ? ನಾನ್ ಮನೇಲಿ ಕೂತು ಏನ್ ಮಾಡ್ಲಿ?"

ಮನೆಯಲ್ಲಿ ಕೂತು ಏನು ಮಾಡುವುದೆಂಬುದು ನನಗೂ ತಿಳಿದಿರಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಅಂದಿನಿಂದ ಸುಮಾರು ಎರಡು ವರ್ಷ, ಟ್ಯಾಪೆಟ್ ಕೆಲಸವಿದ್ದ ಪ್ರತಿ ಬೆಳಿಗ್ಗೆ ನಾನು ಅವರ ಪಕ್ಕದ ಮಣೆಯ ಮೇಲೆ ಕೂತೆ. ಸ್ಕ್ರೂ ಅವರದು, ಎಲೆ ನನ್ನದು. ಬಿಗಿ, ಸಡಿಲ, ಸರಿ ಎಂಬ ಮೂರು ಪದಗಳನ್ನು ಬಿಟ್ಟರೆ ನಮ್ಮ ನಡುವೆ ಹೆಚ್ಚಿನ ಮಾತಿರಲಿಲ್ಲ. ಆದರೆ ನನ್ನ ಆ ಒಂದೊಂದು ಪದಕ್ಕಾಗಿಯೂ ಒಬ್ಬರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಗಿರಾಕಿಗಳು ವಿಚಾರಿಸಿದಾಗ, ಮೇಷ್ಟ್ರಿಗೆ ಕಲಿಯುವ ಹುಚ್ಚು, ಬೇಡವೆಂದರೂ ಬಿಡುವುದಿಲ್ಲ ಎನ್ನುತ್ತಿದ್ದರು.

ತಣಿಸಂದ್ರದಲ್ಲಿ ಹೂವಿನ ವ್ಯಾಪಾರ ಮಾಡುತ್ತಿದ್ದ ಗಿರಾಕಿಯೊಬ್ಬರು ಒಮ್ಮೆ ನಗುತ್ತ ಕೇಳಿದರು: "ಏನ್ ಮೇಷ್ಟ್ರೇ, ವರ್ಷ ಆಯ್ತು, ಇನ್ನೂ ಕಲ್ತಿಲ್ವಾ?"

"ಪಾಠ ಏಳೋರಿಗೆ ಪಾಠ ಅತ್ತಲ್ಲ ಕಣ್ರೀ," ಎಂದರು ಯಜಮಾನರು. "ಈ ವರ್ಷಾನೂ ಫೇಲೇ."

ಜೀವಮಾನವಿಡೀ ಇತರರ ತಪ್ಪನ್ನು ತಿದ್ದಿದವನು ನಾನು. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ಒಮ್ಮೆ ಜ್ವರ ಬಂದು ಐದು ದಿನ ಹೋಗಲಾಗಲಿಲ್ಲ. ಆ ಐದು ದಿನವೂ ಅವರು, ಎಂಜಿನ್ ಇನ್ನೂ ಬಿಸಿಯಿದೆ ಎಂದು, ತಳ್ಳಿಕೊಂಡು ಬಂದವರನ್ನು ಕೂಡ ವಾಪಸು ಕಳುಹಿಸಿದ್ದರು. ಅಂದಾಜಿನ ಮೇಲೆ ಒಂದು ಗಾಡಿಯನ್ನೂ ಸೆಟ್ ಮಾಡಲಿಲ್ಲ.

೨೦೨೪ರ ಫೆಬ್ರವರಿಯ ಕೊನೆಯಲ್ಲಿ, ಆ ಹೂವಿನವರ ಬೈಕಿನಲ್ಲಿ ಒಂದು ವಾಲ್ವು ಮುಗಿದು ಇನ್ನೊಂದು ಬಾಕಿಯಿದ್ದಾಗ, ಯಜಮಾನರು ಕೂತಲ್ಲಿಯೇ ಪಕ್ಕಕ್ಕೆ ವಾಲಿದರು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಬೂಟಿನೊಳಗೆ ಕಾಲಿನ ಗಾಯವೊಂದು ಕೊಳೆತು ನಂಜೇರಿತ್ತು. ಆ ನೋವೂ ಅವರಿಗೆ ತಿಳಿದಿರಲಿಲ್ಲ. ಒಂದೇ ವಾರದಲ್ಲಿ ತೀರಿಕೊಂಡರು.

ಜಕ್ಕೂರಿನ ಮನೆಗೆ ಹೋದಾಗ ಅವರ ಹೆಂಡತಿ ಒಳಗಿನಿಂದ ಬಂದು ಬಾಗಿಲ ಬಳಿ ಕುಳಿತರು. "ನಿಮ್ ಇಸ್ಯನೇ ಏಳೋರು," ಎಂದರು. "ಪಾಪ ಮೇಷ್ಟ್ರು, ಎಷ್ಟೇಳ್ಕೊಟ್ರೂ ಬರಲ್ಲ, ಆದ್ರೂ ದಿನಾ ಬರ್ತಾರೆ ಅಂತ."

ಆಕೆಗೂ ಅವರು ಹೇಳಿರಲಿಲ್ಲ. ಹೇಳಿಬಿಡಲೇ ಎಂದು ಒಂದು ಕ್ಷಣ ನಾಲಿಗೆಯ ತುದಿಯವರೆಗೆ ಬಂತು.

"ಹೌದಮ್ಮ," ಎಂದೆ. "ನಾನು ಸ್ವಲ್ಪ ದಡ್ಡ."

ಹೂವಿನವರ ಗಾಡಿ ಅಂಗಡಿಯಲ್ಲೇ ಇದೆ, ಮುಚ್ಚಳ ಹಾಕಿಡುತ್ತೇನೆ ಎಂದು ಬೀಗದ ಕೈಯನ್ನು ಕೇಳಿ ಪಡೆದೆ. ಮರುದಿನ ಬೆಳಿಗ್ಗೆ ತಗಡಿನ ಬಾಗಿಲು ತೆರೆದಾಗ ಎಂಜಿನ್ನು, ಅಷ್ಟು ದಿನಗಳ ಮೇಲೆ, ಅವರು ಒಪ್ಪುವಷ್ಟು ತಣ್ಣಗಿತ್ತು. ನಾನು ಎಂದೂ ಸ್ಕ್ರೂ ಹಿಡಿದವನಲ್ಲ. ಎಡಗೈಯಲ್ಲಿ ಎಲೆ, ಬಲಗೈಯಲ್ಲಿ ಸ್ಕ್ರೂ. ಮೊದಲ ಸಲ ನಟ್ಟು ಬಿಗಿದಾಗ ಅಂತರ ಸರಿದುಹೋಯಿತು. ಎರಡನೆಯ ಸಲವೂ ಅಷ್ಟೆ. ಬಿಗಿ ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಸ್ಕ್ರೂ ತಿರುಗಿಸುವವರು ಯಾರೂ ಇರಲಿಲ್ಲ. ಮೂರನೆಯ ಸಲ ಎಲೆ ಪುಸ್ತಕದ ಹಾಳೆಯಂತೆಯೇ ಬಂತು.

ಹತ್ತು ಗಂಟೆಗೆ ಹೂವಿನವರು ಬಂದು, ಗಾಡಿ ಸ್ಟಾರ್ಟ್ ಮಾಡಿ, ತಲೆ ವಾಲಿಸಿ ಕೇಳಿದರು. "ಆ ಕೈ ಇನ್ನೆಲ್ಲಿ ಸಿಗುತ್ತೆ ಬಿಡಿ," ಎಂದರು. "ಇದೇ ಅವ್ರು ಕೊನೇದಾಗಿ ಮಾಡಿದ್ದಾ?"

"ಹೌದು," ಎಂದೆ. "ಆಸ್ಪತ್ರೆಗೆ ಹೋಗೋಕ್ ಮುಂಚೆನೇ ಮುಗ್ಸಿದ್ರು."

ಅದು ೨೦೨೪ರ ಮಾರ್ಚ್ ೧೧, ಸೋಮವಾರ.