ಗಡಿನಾದದ ಅಮೋಘಸಿದ್ದ

ರಾಯಚೂರಿನ ‘ಗಡಿನಾದ’ ರೇಡಿಯೋ ಕೇಂದ್ರಕ್ಕೆ ಮಾಲೀಕರು ಬದಲಾಗುತ್ತಾರೆ, ನಿರೂಪಕ ಅಮೋಘಸಿದ್ದ ಬದಲಾಗುವುದಿಲ್ಲ. ಹಾಡಿನ ಹುಚ್ಚಿಗೆ ಅದನ್ನು ಹುಟ್ಟಿಸಿದವರು ಸಿರವಾರದ ಅಕ್ಕಿ ಗಿರಣಿಯ ವಿರೂಪಣ್ಣ; ಅವರ ಮಕ್ಕಳು ಗುತ್ತೇದಾರನೊಬ್ಬನಿಗೆ ಮಾರಿದರು, ಅವನು ಹೈದರಾಬಾದಿನ ಕಂಪನಿಗೆ ಮಾರಿದ. ಪ್ರತಿ ಹೊಸ ಮಾಲೀಕನಿಗೂ ಅಮೋಘಸಿದ್ದ, “ಬರ್ರಿ ಸಾಹೇಬ್ರ, ಕಟ್ಟಡ ನಿಮ್ದು, ಹಾಡು ಕೇಳವರ್ದು” ಎಂದು ಚಹಾ ಕೊಡುತ್ತಾನೆ. ಚಪ್ಪಲಿ ಬಿಟ್ಟೇ ಮೈಕಿನ ಮುಂದೆ ಕೂರುತ್ತಾನೆ. ಮಾನ್ವಿಯವರಿಗೆ ತತ್ವಪದ, ಗಡಿಯಾಚೆಯವರಿಗೆ ತೆಲುಗು ಹಾಡು. ಹಾಡನ್ನು ನಡುವೆ ನಿಲ್ಲಿಸುವುದೆಂದರೆ ಉಣ್ಣುವವರ ಗಂಗಾಳ ಎಳೆದಂತೆ ಎನ್ನುತ್ತಾನೆ. ಕಂಪನಿಯ ಮ್ಯಾನೇಜರ್ ಪ್ರಭುರಾಜ ಬಂದ ದಿನವೇ ಕೇಳುಗರ ಕರೆಗಳನ್ನು ಪ್ರಸಾರ ಮಾಡುವುದನ್ನು ನಿಲ್ಲಿಸಿದ: “ಬರೀ ಹಾಡು ಹಾಕ್ರಿ. ನೀವು ಮಾತಾಡಿದ್ರ ನಿಮ್ಮ ನೌಕರಿ ಹೋಗ್ತದ, ನಂದೂ ಹೋಗ್ತದ.” ಅಂದೇ ಮಧ್ಯಾಹ್ನ ದೇವದುರ್ಗದ ಕಡೆಯ ಕುರಿಗಾರರ ಅಯ್ಯಮ್ಮ ಫೋನ್ ಮಾಡಿದಳು: “ಯಪ್ಪಾ, ಡ್ಯಾಮಿನಿಂದ ಹೊಳಿಗಿ ನೀರು ಬಿಟ್ಟಾರಂತ. ನನ್ನ ಮಗ ಕನಕರಾಯ ಕುರಿ ಹೊಡ್ಕೊಂಡು ನಡುಗಡ್ಡ್ಯಾಗ ಅದಾನ. ಅವನ ಫೋನ್ ಹತ್ತವಲ್ದು, ನಿಮ್ಮ ರೇಡಿಯೋ ಮಾತ್ರ ಕೇಳಾಕತ್ತಿರ್ತಾನ.” ಅಮೋಘಸಿದ್ದ ಪಲ್ಲವಿಯ ನಡುವೆಯೇ ಹಾಡು ನಿಲ್ಲಿಸಿದ. “ಕನಕರಾಯ, ಹೊಳಿ ಬರಾಕತ್ತದ. ಕುರಿ ಎಬ್ಬಿಸ್ಕೊಂಡು ದಂಡಿಗಿ ಬಾ.” ಪ್ರಭುರಾಜ ಓಡಿಬಂದು ಮೈಕಿನ ಗುಂಡಿಯ ಮೇಲೆ ಕೈಯಿಟ್ಟ. ಫೋನಿನಲ್ಲಿ ಅಯ್ಯಮ್ಮ ಅಳುವುದು ಇಬ್ಬರಿಗೂ ಕೇಳುತ್ತಿತ್ತು. ಅವನು ಮೆಲ್ಲಗೆ ಕೈ ತೆಗೆದು, “ಇನ್ನೊಮ್ಮೆ ಹೇಳ್ರಿ” ಎಂದ. ಸಂಜೆಯವರೆಗೆ ಇಬ್ಬರೂ ಸರದಿಯ ಮೇಲೆ ಕೂಗಿದರು. ಹೊತ್ತು ಮುಳುಗುವಾಗ ಅಯ್ಯಮ್ಮನ ದನಿ ಬಂತು: “ಬಂದಾನ್ರೀ ಯಪ್ಪಾ. ಅವನೊಬ್ಬನ ಅಲ್ಲ, ಅಲ್ಲಿದ್ದ ಕುರಿಗಾರ್ರೆಲ್ಲಾ ಬಂದಾರ.” ಅಮೋಘಸಿದ್ದ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ಅಷ್ಟರಲ್ಲಿ ಹೈದರಾಬಾದಿನಿಂದ ಕರೆ ಬಂತು, ಹಾಡು ನಿಲ್ಲಿಸಿದವರು ಯಾರೆಂದು. “ನಾನೇ ರೀ ಸರ್” ಎಂದ ಪ್ರಭುರಾಜ.