ತುಟಿಗಿಟ್ಟ ಅಕ್ಷರ

ಕಳೆದ ತಿಂಗಳು ಗೆಳತಿಯೊಬ್ಬಳು ತನ್ನ ಮದುವೆಯ ಕರೆಯೋಲೆಯನ್ನು ಕೈಗಿತ್ತಾಗ, ಕಣ್ಣು ಓದುವ ಮೊದಲೇ ಹೆಬ್ಬೆರಳು ಓದಿತು. ದಪ್ಪ ಕಾಗದದೊಳಕ್ಕೆ ಒತ್ತಿ ಇಳಿಸಿದ, ಬಲಕ್ಕೆ ಬಾಗಿದ ಅಕ್ಷರಗಳು. ಪ್ರತಿ ತಲೆಕಟ್ಟಿನ ತುದಿಯಲ್ಲಿ ಸೀರೆಯಂಚಿನ ಬಳ್ಳಿಯಂತೆ ಸುತ್ತಿಕೊಂಡ ಒಂದು ಕುಡಿ. 'ಎಷ್ಟ್ ಚೆನ್ನಾಗಿದೆ ಅಲ್ವಾ?' ಎಂದಳು ಅವಳು. ಚೆನ್ನಾಗಿಯೇ ಇತ್ತು. ಆ ಕುಡಿಯನ್ನು ಬರೆದ ಕೈಯನ್ನು ನಾನು ಬಲ್ಲೆ. ಅದೇ ಕೈ ಕೊನೆಗೆ ಮಣಿಕಟ್ಟಿನಿಂದ ಕೆಳಕ್ಕೆ ನೇತುಬಿದ್ದದ್ದನ್ನೂ ಕಂಡಿದ್ದೇನೆ.

ಆ ಕೈ ನಮ್ಮ ಪಕ್ಕದ ಮನೆಯ ಅಕ್ಕನದು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ನಮ್ಮಿಬ್ಬರ ಮನೆಗಳಿಗೂ ಒಂದೇ ಗೋಡೆ. ಅವರ ಮಗ್ಗಗಳು ಓಡುವಾಗ ನಮ್ಮ ಅಡುಗೆಮನೆಯ ತಟ್ಟೆಗಳು ನಡುಗುತ್ತಿದ್ದವು. ಅವಳ ಅಪ್ಪ ಮಗ್ಗ ನೋಡಿಕೊಂಡರೆ, ಅಕ್ಕ ಚೌಕುಳಿ ಹಾಳೆಯ ಮೇಲೆ ಸೀರೆಯಂಚಿನ ಚಿತ್ರ ಬರೆಯುತ್ತಿದ್ದಳು. ನೂಲು ಮುಗಿದಾಗ ಎದ್ದು ಹೋಗಿ, ನೂಲು ಸುತ್ತಿದ ಹೊಸ ಕಂಡಿಕೆ ಹಾಕಿ, ಲಾಳಿಯನ್ನು ತುಟಿಗೆ ಹಚ್ಚಿ, ಅದರ ಸಣ್ಣ ಕಣ್ಣಿನಿಂದ ನೂಲಿನ ತುದಿಯನ್ನು ಉಸಿರಿನಿಂದ ಎಳೆದುಕೊಳ್ಳುತ್ತಿದ್ದಳು. ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೆಯೇ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಕೈಗಳೆರಡೂ ಕೆಲಸದಲ್ಲಿದ್ದರೆ ಬಾಯಿಯೇ ಮೂರನೆಯ ಕೈ.

ನಾನು ವಿಶ್ವವಿದ್ಯಾಲಯದ ಹಾಸ್ಟೆಲ್ ಸೇರಿದ ವರ್ಷವೇ ಅವಳಿಗೂ ಹೊಸ ಕೆಲಸ ಸಿಕ್ಕಿತು. ಆಫ್‌ಸೆಟ್ ಮುದ್ರಣ ಬಂದಮೇಲೆ ಗುಜರಿಗೆ ಬಿದ್ದಿದ್ದ, ಸೀಸದ ಬಿಡಿ ಅಕ್ಷರಗಳನ್ನು ಜೋಡಿಸಿ ಒತ್ತುವ ಮೊಳೆಯಚ್ಚಿನ ಯಂತ್ರಗಳನ್ನು ಒಬ್ಬ ಮಾಲೀಕ ಕೊಂಡು ತಂದು, ಬಾಶೆಟ್ಟಿಹಳ್ಳಿಯ ಹಿಂಬದಿಯ ಶೆಡ್ಡೊಂದರಲ್ಲಿ ಮತ್ತೆ ಓಡಿಸತೊಡಗಿದ್ದ. ದೇವನಹಳ್ಳಿ ಸುತ್ತಲಿನ ರೆಸಾರ್ಟ್‌ಗಳಲ್ಲಿ ಮದುವೆಯಾಗುವವರು ಅವನ ಗಿರಾಕಿಗಳು. ಇಂಗ್ಲಿಷಿನ ಬಾಗಿದ ಅಲಂಕಾರದ ಅಕ್ಷರಗಳು ಅವನ ಬಳಿ ಇದ್ದವು. ಕನ್ನಡದಲ್ಲಿ ಅಂಥವು ಬೇಕಾಗಿದ್ದವು. ಯಾರದೋ ಮನೆಯಲ್ಲಿ ಅಕ್ಕನ ಸೀರೆಯಂಚು ಕಂಡು, ವಿಚಾರಿಸಿಕೊಂಡು ಬಂದು ಅವಳನ್ನು ಕೆಲಸಕ್ಕೆ ಸೇರಿಸಿಕೊಂಡ.

ಕನ್ನಡದ ದುಂಡಕ್ಷರವನ್ನು ಬಾಗಿಸಿದರೆ ಅದು ವಾಲಿದ ಮಡಕೆಯಂತೆ ಕಾಣುತ್ತದೆ. ಅಕ್ಕ ತಿಂಗಳುಗಟ್ಟಲೆ ಅದರೊಡನೆ ಗುದ್ದಾಡಿದಳು. ನಾನು ರಜೆಗೆ ಬಂದಾಗಲೆಲ್ಲ ಹಾಳೆಗಳನ್ನು ಗೋಡೆಗೆ ಅಂಟಿಸಿ ನನ್ನನ್ನು ಗೇಟಿನಾಚೆ ನಿಲ್ಲಿಸುತ್ತಿದ್ದಳು.

'ಅಲ್ಲಿಂದ ಹೇಳೇ. ಓಡ್ತಿರೋ ಥರ ಇದ್ಯಾ, ಜಾರಿ ಬೀಳ್ತಿರೋ ಥರ ಇದ್ಯಾ?'

'ಕ್ಷ ಮಾತ್ರ ಕುಡಿದು ಬಂದಿರೋ ಹಾಗಿದೆ ಅಕ್ಕ.'

'ಅದರ ಹಣೆಬರಹಾನೇ ಅಷ್ಟು. ಯೂನಿವರ್ಸಿಟಿಗೆ ಸೇರ್ಸಿದ್ರೆ ಸರಿಹೋಗ್ಬಹುದು, ಕರ್ಕೊಂಡ್ ಹೋಗ್ತೀಯಾ?'

ಕೊನೆಗೆ ಆ ಕ್ಷ ಕೂಡ ಎದ್ದು ಓಡಿತು. ಬಾಗಿದ ಕನ್ನಡ ಅಷ್ಟು ಸಹಜವಾಗಿ ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಚಿತ್ರ ಮುಗಿದೊಡನೆ ಅವಳ ಕೆಲಸ ಮುಗಿಯಬೇಕಿತ್ತು. ಅಕ್ಷರಗಳ ಅಚ್ಚನ್ನು ಬೇರೆಡೆ ಮಾಡಿಸಿ ತಂದು, ಶೆಡ್ಡಿನಲ್ಲೇ ಸೀಸ ಕರಗಿಸಿ ಎರೆಯುತ್ತಿದ್ದರು. ಆದರೆ ಆ ಕುಡಿಗಳು ಮೊಳೆಯೆಂಬ ಸೀಸದ ತುಂಡಿನ ಮೈಯನ್ನು ಮೀರಿ ಹೊರಕ್ಕೆ ಚಾಚಿದ್ದವು. ಎರಕ ಆರಿದ ಮೇಲೆ ಒರಟು ಅಂಚನ್ನು ಉಜ್ಜಿ ತೆಗೆಯಬೇಕು, ಸ್ವಲ್ಪ ಹೆಚ್ಚಾದರೆ ಕುಡಿ ಮುರಿಯುತ್ತದೆ. ಗೆರೆ ಎಲ್ಲಿ ನಿಲ್ಲಬೇಕೆಂದು ಬರೆದವಳಿಗೇ ಗೊತ್ತು ಎಂದು ಮಾಲೀಕ ಅವಳನ್ನು ಅಲ್ಲಿಯೇ ಕೂರಿಸಿದ. ತಗಡಿನ ಮಾಡು, ಕಿಟಕಿಯಿಲ್ಲದ ಗೋಡೆ. ಒಂದು ತುದಿಯಲ್ಲಿ ಸೀಸ ಕುದಿಯುವ ಪಾತ್ರೆ, ಇನ್ನೊಂದು ತುದಿಯಲ್ಲಿ ಅಕ್ಕನ ಮೇಜು.

ಒಮ್ಮೆ ಅವಳು ಮರೆತುಹೋದ ಊಟದ ಡಬ್ಬಿ ಕೊಡಲು ಅಲ್ಲಿಗೆ ಹೋಗಿದ್ದೆ. ಒಂದು ಕೈಯಲ್ಲಿ ಅರ, ಇನ್ನೊಂದರಲ್ಲಿ ಮೊಳೆ. ಉಜ್ಜಿ ಮುಗಿಸಿದ ಅಕ್ಷರ ಅವಳ ತುಟಿಗಳ ನಡುವೆ. ನಡುನಡುವೆ ಪುಡಿಯನ್ನು ಬಾಯಿಂದ ಊದುತ್ತಿದ್ದಳು.

'ಕೆಳಗಿಟ್ರೆ ಉರುಳ್ಕೊಂಡು ಕುಡಿ ಮುರ್ಕೊಳ್ತವೆ. ಬಾಯಲ್ಲಿದ್ರೆ ಕ್ಷೇಮ ಕಣೆ,' ಎಂದು ಅಕ್ಷರವನ್ನು ಬಟ್ಟೆಯ ಮೇಲಿಟ್ಟು, ಅದೇ ಕೈಯಿಂದ ಡಬ್ಬಿ ತೆರೆದಳು. ಲಾಳಿಯನ್ನು ತುಟಿಗಿಡುವುದನ್ನೇ ನೋಡುತ್ತ ಬೆಳೆದ ನನ್ನ ಕಣ್ಣಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಅಂದೇ ಸಂಜೆ ಅವಳು ಮಾಲೀಕನ ನಟನೆ ಮಾಡಿ ತೋರಿಸಿದಳು. 'ನಮ್ ಸಾರು ಬಲು ಮಡಿ ಕಣೆ. ಒಳಗ್ ಬಂದ್ರೆ ಮೂಗಿಗೆ ಕರ್ಚೀಫು. ಕಾಫಿ ಕೊಟ್ರೆ ಆಚೆ ಕಾರ್ ಹತ್ರ ಹೋಗಿ, ಕೈ ತೊಳ್ಕೊಂಡು ತೊಳ್ಕೊಂಡು ಕುಡೀತಾರೆ. ಮಗ ಬಂದಿದ್ದ ಅವತ್ತು, ಬಾಗಿಲು ದಾಟೋಕೂ ಬಿಡ್ಲಿಲ್ಲ.' ಅವಳ ಅಮ್ಮ ನಕ್ಕರು, ನಾನೂ ನಕ್ಕೆ. ಅಷ್ಟು ಮುಖ್ಯವಾದ ಸಂಗತಿಯನ್ನು ನಾವು ತಮಾಷೆಯೆಂದು ಕೇಳಿಸಿಕೊಂಡೆವು...

ಮೊದಲು ಅಕ್ಕನಿಗೆ ಹೊಟ್ಟೆ ಹಿಂಡಿತು. ಊರಿನ ವೈದ್ಯರು ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು. ಮುಖ ಬಿಳಿಚಿಕೊಂಡಾಗ ರಕ್ತ ಕಡಿಮೆ ಎಂದು ಟಾನಿಕ್ ಬರೆದರು. ಒಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆಯೊಂದು ಮೂಡಿತು. ಅಕ್ಕ ಕನ್ನಡಿ ನೋಡಿಕೊಂಡು, ಮಸಿ ಅಂಟಿದೆ ಎಂದಳು. ಆಮೇಲೆ ಒಂದು ಬೆಳಿಗ್ಗೆ ಪೆನ್ಸಿಲ್ ಹಿಡಿದ ಕೈ ಮೇಲಕ್ಕೇಳಲಿಲ್ಲ. ಅವಳ ಅಮ್ಮ ದೃಷ್ಟಿ ತೆಗೆದರು. ಮೂರ್ಛೆ ಬರತೊಡಗಿದ ಮೇಲೆ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ವೈದ್ಯೆ ಒಸಡನ್ನು ನೋಡಿ ಕೇಳಿದ ಮೊದಲ ಪ್ರಶ್ನೆ: 'ಇವರು ಏನ್ ಕೆಲಸ ಮಾಡ್ತಾರೆ?'

ಅಷ್ಟೂ ಕಾಲ ಯಾವ ವೈದ್ಯರೂ ಕೇಳದಿದ್ದ ಪ್ರಶ್ನೆ ಅದು. ರಕ್ತದ ತುಂಬ ಸೀಸವಿತ್ತು. ಅಕ್ಕ ಮನೆಗೆ ಮರಳಲಿಲ್ಲ.

ಮಾಲೀಕ ಮನೆಗೆ ಬಂದ. ಎಲ್ಲರ ಎದುರು ಕುರ್ಚಿಯಲ್ಲಿ ಕುಳಿತ. ಶೆಡ್ಡಿನಲ್ಲಿ ಕಿಟಕಿಯೇಕಿಲ್ಲ, ಸೀಸ ವಿಷವೆಂದು ಅವಳಿಗೇಕೆ ಹೇಳಲಿಲ್ಲ ಎಂದು ನಾನು ಕೇಳಿದೆ.

'ನೋಡಮ್ಮಾ, ನಮಗೂ ದುಃಖ ಇದೆ. ನಮ್ಮನೆ ಮಗಳ ಥರಾನೇ ನೋಡ್ಕೊಂಡಿದ್ವಿ. ಆದ್ರೆ ಬಾಯಲ್ಲಿ ಇಟ್ಕೋ ಅಂತ ನಾವ್ ಹೇಳಿದ್ವಾ?'

ಅವಳ ಅಪ್ಪ ತಲೆ ತಗ್ಗಿಸಿದರು. ಆ ಒಂದು ಮಾತಿನಿಂದ ಆರೋಪಿಯ ಜಾಗಕ್ಕೆ ಸತ್ತವಳು ಬಂದು ನಿಂತಳು. ಬೀದಿಯವರೂ ಹಾಗೆಯೇ ಮಾತಾಡಿಕೊಂಡರು: ಪಾಪ, ಬಾಯಿಗೆ ಇಟ್ಟುಕೊಳ್ಳುತ್ತಿದ್ದಳಂತೆ... ನಾನು ಕಾರ್ಖಾನೆಗಳ ಇಲಾಖೆಗೆ ದೂರು ಕೊಟ್ಟೆ. ಪರಿಶೀಲನೆಗೆ ಬರುವ ಹಿಂದಿನ ದಿನ ಶೆಡ್ಡಿಗೊಂದು ಫ್ಯಾನು ಬಂತು. ಬಂದ ಅಧಿಕಾರಿ ಫ್ಯಾನು ನೋಡಿ ಹೋದರು. ಕಚೇರಿಗೆ ಹೋದಾಗಲೆಲ್ಲ ದೂರು ಪರಿಶೀಲನೆಯಲ್ಲಿದೆ ಎನ್ನುತ್ತಾರೆ.

ನಾನು ಕೇಳುವುದು ಸರಳವಾದದ್ದು. ಮೂಗಿಗೆ ಕರವಸ್ತ್ರ ಹಿಡಿದವನಿಗೆ ಗೊತ್ತಿತ್ತು. ಮಗನನ್ನು ಹೊಸ್ತಿಲಾಚೆ ನಿಲ್ಲಿಸಿದವನಿಗೆ ಗೊತ್ತಿತ್ತು. ತನ್ನ ಮನೆಯವರನ್ನು ಕಾಪಾಡಿದ ಆ ತಿಳಿವಳಿಕೆಯನ್ನು ಹತ್ತು ಮಾರು ದೂರದ ಮೇಜಿಗೆ ತಲುಪಿಸದವನು ಕೊಲ್ಲಲಿಲ್ಲವೆಂದು ಯಾವ ಕಾನೂನು ಹೇಳುತ್ತದೆ? ಹೇಳುವುದಾದರೆ, ಬರಹದಲ್ಲಿ ಹೇಳಲಿ.

ಗೆಳತಿಯ ಕರೆಯೋಲೆ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಅದರಲ್ಲಿ ಒಂದು ಕುಡಿಯೂ ಸವೆದಿರಲಿಲ್ಲ; ಹೊಸದಾಗಿ ಎರೆದ ಅಕ್ಷರಗಳೆಂದರೆ, ಅವುಗಳ ಅಂಚನ್ನು ಯಾರೋ ಉಜ್ಜಿರಲೇಬೇಕು. ವಿಚಾರಿಸಿದೆ. ನಮ್ಮ ಹಿಂದಿನ ಬೀದಿಯ ನೇಕಾರರ ಮನೆಯ ಹುಡುಗಿಯೊಬ್ಬಳು ಅದೇ ಮೇಜಿನ ಮುಂದೆ ಕೂರುತ್ತಿದ್ದಾಳೆಂದು ತಿಳಿಯಿತು. ನಿನ್ನೆ ಬೆಳಗಿನ ಪಾಳಿಯ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಅವಳನ್ನು ಹಿಡಿದೆ.

'ಆ ಮೊಳೆಗಳನ್ನ ಬಾಯಿಗ್ ಮಾತ್ರ ಇಟ್ಕೋಬೇಡಮ್ಮ,' ಎಂದೆ.

'ಗೊತ್ತಕ್ಕ. ಸೇರಿದ್ ದಿನಾನೇ ಸಾರ್ ಹೇಳಿದ್ರು. ಸೀಸ ವಿಷ, ತುಟಿಗೆ ತಾಗಿಸ್ಬಾರ್ದು ಅಂತ.'

ಹೇಳಲು ಒಂದು ಗಳಿಗೆಯೂ ಬೇಕಾಗದ ಮಾತು. ಹೇಳಬಲ್ಲವನ ಬಾಯಲ್ಲೇ ಇತ್ತು. ಅಕ್ಕನ ಪಾಲಿಗೆ ಮಾತ್ರ ಬರಲಿಲ್ಲ...

'ಮತ್ತೆ ಆ ಸೀಸ ಕಾಯಿಸೋ ಹೊಗೆ?' ಎಂದು ಕೇಳಿದೆ.

'ಹೊಗೆ ವಿಚಾರ ಏನೂ ಹೇಳಿಲ್ವಲ್ಲ.'

ಅದೂ ವಿಷವೇ ಎಂದು ವಿವರಿಸುವಷ್ಟರಲ್ಲಿ ಬಸ್ಸು ಬಂತು. ನೂಕುನುಗ್ಗಲಿನಲ್ಲಿ ಮೆಟ್ಟಿಲು ಹತ್ತಿದವಳು ತಿರುಗಿ, ನನಗೆ ಸಮಾಧಾನವಾಗಲೆಂಬಂತೆ ಹೇಳಿದಳು:

'ಸಾರ್‌ನೇ ಕೇಳ್ತೀನಿ ಬಿಡಿ ಅಕ್ಕ. ಅಂಥದ್ದೇನಾದ್ರೂ ಇದ್ರೆ ಹೇಳ್ತಾರೆ.'